ಐವತ್ತರ ಕಟ್ಟು

ಪತ್ರಿಕೆಯವಳು ಫೋನು ಮಾಡಿ ಕೇಳಿದಳು:
ಓಡಿಲ್ ಸೀರ್ ತೀರಿಕೊಂಡರಂತಲ್ಲ,
ಎಷ್ಟು ಸಲ ಗೆದ್ದರು, ಎಷ್ಟು ಸಲ ಸೋತರು,
ಸಂಜೆಯೊಳಗೆ ಹೇಳಬಹುದೆ?
ಹೇಳಬಹುದು. ಮೂವತ್ತೊಂದು ವರ್ಷದಿಂದ
ಮೇನ್ ರಾಜ್ಯದ ಈ ಕಟ್ಟಕಡೆಯ ಊರಿಗೆ ಗುಮಾಸ್ತ ನಾನು.
ಹುಟ್ಟು, ಸಾವು, ನಾಯಿಯ ಲೈಸೆನ್ಸು, ಮತ,
ಎಲ್ಲವೂ ಒಂದೇ ಮಸಿಯಲ್ಲಿ.

ಎಂಬತ್ತೆರಡು: ಸೋಲು. ಇನ್ನೂರ ಹದಿನಾಲ್ಕು ಮತ.
ಆಲೂಗಡ್ಡೆ ಗೋದಾಮಿನ ಲೆಕ್ಕ ಬರೆಯುವ ಹೆಂಗಸು
ಅಗಸ್ಟಾಕ್ಕೆ ಹೋಗಿ ಏನು ಕಡಿದು ಗುಡ್ಡೆ ಹಾಕುತ್ತಾಳೆ ಅಂದರು.
ಎಂಬತ್ತನಾಲ್ಕು: ಗೆಲುವು, ಮೂವತ್ತೊಂದರಿಂದ.
ಅಂದವರೇ ಮಾರನೆಯ ಬೆಳಗ್ಗೆ
ಗೆದ್ದೆತ್ತಿನ ಬಾಲ ಹಿಡಿದು ಅವಳ ಅಂಗಳದಲ್ಲಿದ್ದರು,
ಸಲಿಕೆಯಿಂದ ಹಿಮ ಎತ್ತಿ ಹಾಕುತ್ತ.
ಎಂಬತ್ತಾರು, ಗೆಲುವು. ಎಂಬತ್ತೆಂಟು, ಎದುರಾಳಿಯೇ ಇಲ್ಲ,
ಎಣಿಸುವವರು ಒಂಬತ್ತಕ್ಕೇ ಮನೆ ಸೇರಿದೆವು.
ತೊಂಬತ್ತು, ತೊಂಬತ್ತೆರಡು. ಗೆಲುವು, ಗೆಲುವು.

ಎಣಿಕೆ ಹೀಗೆ: ಮರದ ಪೆಟ್ಟಿಗೆ ಬಗ್ಗಿಸಿ
ಚೀಟಿಗಳನ್ನು ಐವತ್ತೈವತ್ತರ ಕಟ್ಟು ಮಾಡುವುದು,
ಒಬ್ಬರು ಓದುವುದು, ಒಬ್ಬರು ಗೀಟು ಎಳೆಯುವುದು,
ನಾಲ್ಕು ನಿಂತ ಗೀಟು, ಐದನೆಯದು ಅಡ್ಡ.
ಅವಳ ಗಂಡ ಅರ್ಮೆಲ್ ಹೊರಗೆ ಟ್ರಕ್ಕಿನಲ್ಲಿ
ಇಂಜಿನ್ ಆರಿಸದೆ ಕೂತಿರುತ್ತಿದ್ದ.
ಹೆಂಡತಿಯ ಹೆಸರು ಗೋಡೆಯಾಚೆಗೂ ಕೇಳಿಸುತ್ತಿತ್ತೇನೋ.

ತೊಂಬತ್ತನಾಲ್ಕು: ಒಂದು ಮತ.
ಅಗಸ್ಟಾದಲ್ಲಿ ಮರುಎಣಿಕೆ. ಅಲ್ಲೂ ಒಂದೇ.
ಆ ಒಂದು ತನ್ನದೆಂದು ಹೇಳಿಕೊಂಡವರು
ನನ್ನ ಕಿವಿಗೆ ಬಿದ್ದವರೇ ಅರವತ್ತು ಜನ.
ನನ್ನದಂತೂ ಅಲ್ಲ. ನಾನು ಲುಡ್ಜೆ ಪೆಲ್ಟಿಯೇಗೆ ಹಾಕಿದ್ದೆ,
ಅವನು ನಿಂತಾಗಲೆಲ್ಲ. ನನ್ನ ಹೆಂಡತಿಯ ಅಣ್ಣ.
ಮನೆಯಲ್ಲಿ ಊಟ ಬೇಕಲ್ಲ.

ಏನು ಮಾಡಿದಳು ಅಂದರೆ, ಆಲೂಗಡ್ಡೆ ಕೀಳುವ ಮೂರು ವಾರ
ಶಾಲೆಯ ರಜೆ ಉಳಿಸಿದಳು. ಸೇತುವೆಗೆ ಬಣ್ಣ.
ಇನ್ನು ಶಾಲೆಯಲ್ಲಿ ಫ್ರೆಂಚ್ ಆಡುವುದಿಲ್ಲವೆಂದು
ನೂರು ಸಲ ಬರೆದ ಕೈಗಳಿಗೆ
ಸರಕಾರ ಕ್ಷಮೆ ಕೇಳಲಿ ಎಂಬ ಒಂದು ಮಸೂದೆ.
ಮೂರು ಸಲ ಮಂಡಿಸಿದಳು, ಮೂರು ಸಲವೂ ಸಮಿತಿಯಲ್ಲಿ ಸತ್ತಿತು.
ಅಡ್ಡಗೋಡೆಯ ಮೇಲೆ ದೀಪ ಇಡಲು ಬಾರದವಳು.
ಹೌದು, ಇಲ್ಲ, ಇಲ್ಲ, ಹೌದು.
ಹನ್ನೆರಡು ವರ್ಷದ ದಾಖಲೆಯಲ್ಲಿ
ಗೈರು ಎಂದಿರುವುದು ಒಂದೇ ದಿನ:
ತೊಂಬತ್ತೈದು, ಮೇ ಒಂಬತ್ತು.

ಅಂದು ಕಾಗದ ಕಾರ್ಖಾನೆಯ ತೆರಿಗೆ ಮಸೂದೆ ಬಿತ್ತು,
ಎರಡು ಮತದಿಂದ. ಅವಳಿದ್ದಿದ್ದರೆ ಒಂದರಿಂದ ಬೀಳುತ್ತಿತ್ತು.
ಇಷ್ಟು ಕಳೆಯುವ ಲೆಕ್ಕ ಊರಿಗೆ ಬರಲಿಲ್ಲ.
ಮುಂದಿನ ವರ್ಷ ಕಾರ್ಖಾನೆ ಮುಚ್ಚಿತು.
ಅವಳೆಲ್ಲಿದ್ದಳು ಅಂದರು. ಕಾಫಿ ಅಂಗಡಿಯಲ್ಲಿ,
ಚರ್ಚಿನ ಮೆಟ್ಟಿಲ ಮೇಲೆ, ಅವಳೆಲ್ಲಿದ್ದಳು?

ಇಲ್ಲಿ ಚಳಿಗಾಲದಲ್ಲಿ ಸತ್ತವರನ್ನು ಹೂಳಲಾಗದು.
ನೆಲ ನಾಲ್ಕಡಿ ಕಲ್ಲಾಗಿರುತ್ತದೆ.
ಜನವರಿಯಲ್ಲಿ ಹೋದ ಅರ್ಮೆಲ್
ಸ್ಮಶಾನದಂಚಿನ ಕಲ್ಲುಕೋಣೆಯಲ್ಲಿ ಮೇ ತನಕ ಕಾದ.
ಹೂಳುವ ಪರವಾನಗಿ ಬರೆಯುವವನೂ ನಾನೇ.
ಎಂಟಕ್ಕೆ ಆಗುತ್ತದೆಯೇ ಎಂದು ಕೇಳಿದ್ದಳು ಓಡಿಲ್,
ಒಂಬತ್ತಕ್ಕೆ ಅಗಸ್ಟಾದಲ್ಲಿ ಕೆಲಸವಿದೆ.
ಎಂಟರಂದು ನಾನು ಮೀನು ಹಿಡಿಯಲು ಹೊರಟಿದ್ದೆ.
ಮಣ್ಣು ಇನ್ನೂ ಹಸಿ, ಒಂಬತ್ತೇ ಇರಲಿ ಅಂದೆ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ನಾನೂ.

ತೊಂಬತ್ತಾರು: ಅವಧಿ ಮುಗಿಯಿತೆಂದಿತು ಹೊಸ ಕಾನೂನು, ನಿಲ್ಲುವಂತಿಲ್ಲ.
ತೊಂಬತ್ತೆಂಟು: ಮತ್ತೆ ನಿಂತಳು.
ಪರದೆಯೊಳಗೆ ಪೆನ್ಸಿಲು ಹಿಡಿದು ಮೊದಲ ಬಾರಿ
ಅವಳ ಹೆಸರಿನ ಮುಂದೆ ಗುರುತು ಹಾಕಿದೆ.
ರಾತ್ರಿ ಕಟ್ಟು ಬಿಚ್ಚಿ ಓದುವಾಗ
ಅದು ಯಾವುದೆಂದು ಗೊತ್ತಾಯಿತು,
ನನ್ನ ಗೀಟು ಎಡಕ್ಕೆ ವಾಲುತ್ತದೆ.
ನಲವತ್ತಮೂರರಿಂದ ಸೋತಳು.

ಆರು ಗೆಲುವು, ಎರಡು ಸೋಲು, ಬರೆದುಕೊಳ್ಳಿ ಅಂದೆ.
ಇನ್ನೇನಾದರೂ? ಎಂದಳು ಪತ್ರಿಕೆಯವಳು.

ಇದು ಡಿಸೆಂಬರು. ನದಿ ಈ ದಡದಿಂದ
ಕೆನಡಾದ ದಡದವರೆಗೆ ಹೆಪ್ಪುಗಟ್ಟಿದೆ.
ಬೆಳಗ್ಗೆ ಓಡಿಲ್‌ಳ ಮಗಳು ಬಂದಿದ್ದಳು,
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ ಕೇಳಿದಳು:
ಮೇ ತಿಂಗಳಲ್ಲಿ ನಿಮಗೆ ಯಾವತ್ತು ಬಿಡುವು?
ಯಾವತ್ತಾದರೂ ಅಂದೆ.
ನೀವು ಹೇಳಿದ ದಿನ.